ನೀರು ಬೆರೆಸಿದ ಮೇಲೆ ಔಷಧದ ಸ್ಟ್ರೆಂತ್ ಎಷ್ಟು?

‘ಸರ್, ಹತ್ತು ಪಟ್ಟು ತೆಳು ಮಾಡೋದಂದ್ರ ಹತ್ತು ಎಂಎಲ್ ನೀರು ಹಾಕೋದಲ್ಲೇನ್ರಿ?’

ಕಲಬುರಗಿಯಲ್ಲಿ ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಮಕ್ಕಳಿಗೆ ಪ್ರಾಕ್ಟಿಕಲ್ ಹೇಳಿಕೊಡುವ ನನಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಸೇಡಂ ಕಡೆಯವರೂ ಕೇಳುತ್ತಾರೆ, ಶಹಾಪುರದವರೂ ಕೇಳುತ್ತಾರೆ. ಕೇಳಿದವರ ಬಗ್ಗೆ ಚಿಂತೆಯಿಲ್ಲ. ಕೇಳದೆ ಸುಮ್ನೆ ಬೆರೆಸಿಬಿಡುವವರದೇ ಚಿಂತೆ.

ಮೊದಲು ಲೇಬಲ್ ಓದಿ. ತೂಕ-ಅಳತೆಯ (w/v) ಲೆಕ್ಕದಲ್ಲಿ ಶೇ 1 ಎಂದರೆ 100 ಎಂಎಲ್ ದ್ರಾವಣದಲ್ಲಿ 1 ಗ್ರಾಂ ಔಷಧ. ಅಂದರೆ ಒಂದು ಎಂಎಲ್‌ಗೆ 10 ಮಿಲಿಗ್ರಾಂ. ಡ್ರಿಪ್ ಹಾಕುವ ನಾರ್ಮಲ್ ಸಲೈನ್ ಶೇ 0.9 ಇರುತ್ತದೆ, ಹಾಗಾಗಿ 500 ಎಂಎಲ್ ಬಾಟಲಿಯಲ್ಲಿ 4.5 ಗ್ರಾಂ ಉಪ್ಪು. 1:1000 ಎಂದು ಬರೆದಿದ್ದರೆ 1000 ಎಂಎಲ್‌ನಲ್ಲಿ 1 ಗ್ರಾಂ, ಒಂದು ಎಂಎಲ್‌ಗೆ 1 ಮಿಲಿಗ್ರಾಂ.

ಇನ್ನು ಲೆಕ್ಕ. ನೆಂಟರು ಬಂದರೆಂದು ಮಜ್ಜಿಗೆಗೆ ಇನ್ನೊಂದು ಚೊಂಬು ನೀರು ಸುರಿದರೆ ಮಜ್ಜಿಗೆ ಸಪ್ಪೆಯಾಗುತ್ತದೆ. ಆದರೆ ಪಾತ್ರೆಯಲ್ಲಿರುವ ಉಪ್ಪು ಅಷ್ಟೇ ಇರುತ್ತದೆ, ಅಲ್ವಾ? ಔಷಧವೂ ಹಾಗೇ. ಆದ್ದರಿಂದ ಮೊದಲಿದ್ದ ಸಾಂದ್ರತೆಯನ್ನು, ಅಂದರೆ ಸ್ಟ್ರೆಂತನ್ನು, ನೀವು ತೆಗೆದುಕೊಂಡ ಅಳತೆಯಿಂದ ಗುಣಿಸಿ. ಬಂದದ್ದನ್ನು ಬೆರೆಸಿದ ಮೇಲಿನ ಒಟ್ಟು ಅಳತೆಯಿಂದ ಭಾಗಿಸಿ.

ರೋಗಾಣು ನಾಶಕ್ಕೆ ಬಳಸುವ ಶೇ 20ರ ಕ್ಲೋರ್‌ಹೆಕ್ಸಿಡಿನ್ 5 ಎಂಎಲ್ ತೆಗೆದು 500 ಎಂಎಲ್ ಮಾಡಿದಿರಿ ಎನ್ನೋಣ. 20ನ್ನು 5ರಿಂದ ಗುಣಿಸಿದರೆ 100. ಅದನ್ನು 500ರಿಂದ ಭಾಗಿಸಿದರೆ 0.2, ಅಂದರೆ ಶೇ 0.2. ಬಾಯಿ ಮುಕ್ಕಳಿಸುವ ಔಷಧ ಶೇ 0.2ರಲ್ಲೂ ಸಿಗುತ್ತದೆ.

ಇಲ್ಲಿ ಕೈಚಳಕವೂ ಬೇಕು. ಮೆಜರಿಂಗ್ ಸಿಲಿಂಡರಿಗೆ ಮೊದಲು ಅರ್ಧದಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ನಮ್ಮ ಕಡೆಯ ಬೋರ್ ನೀರು ಗಡಸು, ಕ್ಲೋರ್‌ಹೆಕ್ಸಿಡಿನ್‌ಗೆ ಅದು ಆಗಿಬರುವುದಿಲ್ಲ. ಔಷಧ ಸುರಿದ ಮೇಲೆ ಸಣ್ಣ ಅಳತೆಯ ಒಳಗೋಡೆಗೆ ಒಂದಿಷ್ಟು ಅಂಟಿಕೊಂಡಿರುತ್ತದೆ. ಅದನ್ನು ನೀರಲ್ಲಿ ತೊಳೆದು, ಆ ನೀರನ್ನೂ ಸಿಲಿಂಡರಿಗೇ ಹಾಕಿ. ಆಮೇಲೆ ಗೆರೆಯವರೆಗೆ ತುಂಬಿಸಿ. ಬಗ್ಗಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತನ್ನಿ. ನೀರಿನ ಮೇಲ್ಮೈ ನಡುವೆ ತಗ್ಗಾಗಿರುತ್ತದೆ. ಆ ತಗ್ಗಿನ ತಳ ಗೆರೆಗೆ ತಾಕಬೇಕು.

ಈಗ ಹುಡುಗರ ಪ್ರಶ್ನೆಗೆ ಬರೋಣ. ತುರ್ತು ಚಿಕಿತ್ಸೆಯ ಇಂಜೆಕ್ಷನ್ ಆದ 1:1000ರ ಅಡ್ರಿನಲಿನ್ 1 ಎಂಎಲ್‌ಗೆ 9 ಎಂಎಲ್ ಸಲೈನ್ ಸೇರಿದರೆ ಒಟ್ಟು 10 ಎಂಎಲ್. ಒಂದು ಎಂಎಲ್‌ಗೆ 0.1 ಮಿಲಿಗ್ರಾಂ, ಅಂದರೆ 1:10,000. ಹತ್ತು ಎಂಎಲ್ ಸೇರಿಸಿದರೆ ಒಟ್ಟು ಹನ್ನೊಂದಾಗಿ, 0.09ರ ಹತ್ತಿರ ಇಳಿಯುತ್ತದೆ. ಇದು ತಪ್ಪೇ. ಆದರೆ ಇದಕ್ಕಿಂತ ನನ್ನನ್ನು ಜಾಸ್ತಿ ಹೆದರಿಸುವುದು ಒಂದು ಸೊನ್ನೆ. 1:10,000 ಬೇಕಾದ ಕಡೆ 1:1000 ಎತ್ತಿಕೊಂಡರೆ ರೋಗಿಗೆ ಹೋಗುವುದು ಹತ್ತು ಪಟ್ಟು ಔಷಧ. ಅದಕ್ಕೇ ಆಂಪೂಲ್ (ಇಂಜೆಕ್ಷನ್ ಔಷಧದ ಸಣ್ಣ ಗಾಜಿನ ಸೀಸೆ) ಒಡೆಯುವ ಮೊದಲು ಸೊನ್ನೆಗಳನ್ನು ಬಾಯಿಬಿಟ್ಟು ಎಣಿಸಿ, ಪಕ್ಕದವರಿಗೂ ತೋರಿಸಿ. ಇಂಜೆಕ್ಷನ್ ಬೆರೆಸುವುದು ಆಸ್ಪತ್ರೆಯವರ ಕೆಲಸ, ಮನೆಯಲ್ಲಿ ಬೇಡವೇ ಬೇಡ.

ಬೆರೆಸಿದ್ದು ಮುಗಿಯಿತೇ? ಕೈ ಒರೆಸಿಕೊಳ್ಳುವ ಮೊದಲೇ ಹೆಸರು, ಹೊಸ ಸಾಂದ್ರತೆ, ತಾರೀಖು, ಹೊತ್ತು ಬರೆದು ಬಾಟಲಿಗೆ ಅಂಟಿಸಿ.