ಮೇಣದಬತ್ತಿ ಮುಗಿದ ಮೇಲೆ ಉಳಿಯುವ ಗಾಜಿನ ಜಾಡಿ

ಕೊಲ್ಲಿಯಿಂದ ರಜೆಗೆ ಬರುವ ಮಕ್ಕಳು ಈಗೀಗ ಪರಿಮಳದ ಮೇಣದಬತ್ತಿಯ ಜಾಡಿಗಳನ್ನು ಉಡುಗೊರೆಯಾಗಿ ತರುತ್ತಾರೆ. ನಮ್ಮ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಗಳಲ್ಲಿ ಆಟಿ ತಿಂಗಳ ಮಳೆಗೆ ಕರೆಂಟು ಹೋದ ರಾತ್ರಿಗಳಲ್ಲಿ ಅವು ಉರಿಯುತ್ತವೆ. ತಳದಲ್ಲಿ ಬೆರಳು ದಪ್ಪದ ಮೇಣ ಉಳಿದಾಗ ಜಾಡಿ ಕಸದ ಚೀಲ ಸೇರುತ್ತದೆ. ದಪ್ಪ ಗಾಜು, ಬಿಗಿ ಮುಚ್ಚಳ ಇರುವ ಅಷ್ಟು ಒಳ್ಳೆಯ ವಸ್ತುವನ್ನು ಎಸೆಯುವುದು ಕಂಡರೆ ನನಗೆ ಸಂಕಟವಾಗುತ್ತದೆ. ಅದನ್ನು ತೊಳೆದು ಇಟ್ಟುಕೊಳ್ಳುವುದು ಅರ್ಧ ಗಂಟೆಯ ಕೆಲಸ.

ಜಾಡಿ ಉಳಿಯಬೇಕಾದರೆ ಎಚ್ಚರ ಉರಿಸುವಾಗಲೇ ಬೇಕು. ಕೊನೆಯ ಹನಿಯವರೆಗೆ ಉರಿಸಬೇಡಿ. ಅರ್ಧ ಇಂಚಿನಷ್ಟು ಮೇಣ ಉಳಿದಾಗಲೇ ನಂದಿಸಿಬಿಡಿ. ಮೇಣ ಪೂರ್ತಿ ಮುಗಿದುಹೋದರೆ ಬತ್ತಿಯ ಬಿಸಿ ನೇರವಾಗಿ ಗಾಜಿನ ತಳಕ್ಕೆ ತಾಗುತ್ತದೆ, ಗಾಜು ಸೀಳುತ್ತದೆ, ಕೆಳಗಿನ ಮರದ ಮೇಜೂ ಸುಡುತ್ತದೆ.

ಇನ್ನು ಮೇಣ ತೆಗೆಯುವ ಬಗೆ. ಹೆಚ್ಚಿನವರು ಮಾಡುವುದು ಎರಡೇ: ಚೂರಿ ಹಾಕಿ ಕೆರೆಯುವುದು, ಇಲ್ಲವೇ ಕೊತಕೊತ ಕುದಿಯುವ ನೀರನ್ನು ಒಮ್ಮೆಲೇ ಸುರಿಯುವುದು. ಚೂರಿ ಜಾರಿದರೆ ಅಂಗೈಗೇ ಬರುತ್ತದೆ, ಗಾಜಿನಲ್ಲೂ ಗೀರು ಬೀಳುತ್ತದೆ. ಕುದಿನೀರು ಬಿದ್ದಾಗ ಗಾಜಿನ ಒಳಮೈ ತಟ್ಟನೆ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗೇ ಇರುತ್ತದೆ. ಆ ಎಳೆದಾಟಕ್ಕೆ ಜಾಡಿ ಬಿರಿಯುತ್ತದೆ. ಅಷ್ಟು ಬಿಸಿಯ ಅಗತ್ಯವೂ ಇಲ್ಲ. ಸಾಮಾನ್ಯ ಪ್ಯಾರಾಫಿನ್ ಮೇಣ ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್‌ ಒಳಗೆ ಕರಗುತ್ತದೆ. ಜಾಡಿಗೆ ಹಾಕುವ ಮೇಣ ಸಾಮಾನ್ಯವಾಗಿ ಇದರಲ್ಲಿ ಕೆಳಗಿನ ಮಟ್ಟದ್ದು. ಗಟ್ಟಿ ಜೇನುಮೇಣಕ್ಕೂ 62ರಿಂದ 64 ಡಿಗ್ರಿ ಸಾಕು. ಅಂದರೆ ನೀರು ಕುದಿಯುವುದಕ್ಕೆ ಎಷ್ಟೋ ಮೊದಲೇ ನಿಮ್ಮ ಕೆಲಸ ಆಗಿರುತ್ತದೆ.

ನಾನು ಮಾಡುವ ಕ್ರಮ ಹೀಗೆ. ಅಡುಗೆಗೆ ಬಳಸದ ಒಂದು ಹಳೆಯ ಪಾತ್ರೆಯ ತಳಕ್ಕೆ ಮಡಿಸಿದ ದಪ್ಪ ಬಟ್ಟೆ ಹಾಸಬೇಕು. ಬಟ್ಟೆ ಇಲ್ಲದಿದ್ದರೆ ಕಾದ ಲೋಹ ಗಾಜಿಗೆ ನೇರವಾಗಿ ತಾಗುತ್ತದೆ. ಅದರ ಮೇಲೆ ಜಾಡಿಯನ್ನಿಟ್ಟು, ಪಾತ್ರೆಗೆ ತಣ್ಣೀರನ್ನೇ ಹಾಕಿ, ಜಾಡಿಯ ಅರ್ಧದವರೆಗೆ ಬರಲಿ. ಒಳಗಿನ ಮೇಣಕ್ಕೆ ನೀರು ಬೀಳಬಾರದು. ಆಮೇಲೆ ಸಣ್ಣ ಉರಿ. ನೀರು, ಗಾಜು, ಮೇಣ ಮೂರೂ ಒಟ್ಟಿಗೆ ಬಿಸಿಯಾಗುತ್ತಾ ಬಂದರೆ ಗಾಜಿಗೆ ಯಾವ ಪೆಟ್ಟೂ ಇಲ್ಲ. ಮೊದಲು ಅಂಚಿನ ಮೇಣ ಕರಗುತ್ತದೆ, ಆಮೇಲೆ ನಡುವಿನದ್ದು. ಪೂರ್ತಿ ಕರಗಿದಾಗ ಒಲೆ ಆರಿಸಿ, ದಪ್ಪ ಬಟ್ಟೆಯಿಂದ ಜಾಡಿಯನ್ನು ಹಿಡಿದೆತ್ತಿ, ಮೇಣವನ್ನು ಒಂದು ಒಣ ಗೆರಟೆಗೆ (ತೆಂಗಿನ ಚಿಪ್ಪಿಗೆ) ಸುರಿಯಿರಿ. ಬತ್ತಿಯ ಬುಡದ ತಗಡಿನ ಬಿಲ್ಲೆ ಅಂಟಿನಿಂದ ತಳಕ್ಕೆ ಕೂತಿರುತ್ತದೆ. ಗಾಜು ಬಿಸಿ ಇರುವಾಗಲೇ ಹಳೆಯ ಚಮಚದ ಹಿಡಿಯಿಂದ ಮೆಲ್ಲನೆ ಮೀಟಿದರೆ ಅದು ಎದ್ದು ಬರುತ್ತದೆ. ಈ ಬಿಲ್ಲೆಯ ಕಾರಣದಿಂದಲೇ ಜಾಡಿಯನ್ನು ಮೈಕ್ರೋವೇವ್ ಒಲೆಯಲ್ಲಿ ಇಡಬೇಡಿ, ಲೋಹಕ್ಕೆ ಕಿಡಿ ಹಾರುತ್ತದೆ.

ಒಳಗೆ ಇನ್ನೂ ತೆಳ್ಳಗೆ ಪೊರೆ ಉಳಿದಿರುತ್ತದೆ. ಬಿಸಿ ಆರುವ ಮೊದಲೇ ಹಳೆಯ ಪತ್ರಿಕೆಯ ಹಾಳೆಯಿಂದ ಒರೆಸಿ, ಅರ್ಧಕ್ಕರ್ಧ ಹೋಗುತ್ತದೆ. ಮೂಲೆಗೆ ಕಾಗದ ಮುಟ್ಟದಿದ್ದರೆ ಅಡಕೆ ಹಾಳೆಯ ಒಂದು ತುಂಡನ್ನು ಬೆರಳಗಲ ಕತ್ತರಿಸಿ ಕೆರೆಯಿರಿ. ಅದು ಗಾಜಿಗೆ ಗೀರು ಹಾಕುವುದಿಲ್ಲ. ಉಳಿದದ್ದಕ್ಕೆ ತೆಂಗಿನೆಣ್ಣೆ. ಹಲಸಿನ ಹಣ್ಣು ಕೊಯ್ದ ಕೈಯ ಮೇಣ ನೀರಿಗೆ ಜಗ್ಗದೆ ಎಣ್ಣೆಗೆ ಬಿಡುವ ಹಾಗೆಯೇ ಇದೂ. ಸಾಬೂನಿಗಿಂತ ಮೊದಲು ಎಣ್ಣೆ ಸವರಿ ಒರೆಸಿದವರಿಗೆ ತೊಳೆಯುವ ಶ್ರಮ ಕಾಲುಭಾಗಕ್ಕೆ ಇಳಿಯುತ್ತದೆ. ನಂತರ ಪಾತ್ರೆ ತೊಳೆಯುವ ಸಾಬೂನು, ಕೈಗೆ ಹಿತವಾಗುವಷ್ಟು ಬಿಸಿನೀರು. ಬಾಯಂಚಿನ ಮಸಿಗೆ ಜರಡಿ ಹಿಡಿದ ನಯವಾದ ಬೂದಿಯಲ್ಲಿ ಒದ್ದೆ ಬಟ್ಟೆಯನ್ನು ಅದ್ದಿ ತಿಕ್ಕಿದರೆ ಸಾಕು. ಹೊರಗಿನ ಚೀಟಿಯ ಅಂಟಿಗೂ ಎಣ್ಣೆ ಸವರಿ ಅರ್ಧ ಗಂಟೆ ಬಿಡಿ.

ಫ್ರೀಜರಿನಲ್ಲಿಡುವ ಉಪಾಯವೂ ಇದೆ. ತಣಿದಾಗ ಮೇಣ ಗಾಜಿಗಿಂತ ಹೆಚ್ಚು ಕುಗ್ಗುವುದರಿಂದ ತಾನಾಗಿ ಬಿಡುತ್ತದೆ. ಗಟ್ಟಿ ಮೇಣ, ಅಗಲ ಬಾಯಿಯ ಜಾಡಿಗೆ ಮಾತ್ರ ಇದು ಸರಿ. ತೆಗೆದ ಕೂಡಲೇ ಬಿಸಿನೀರು ತಾಗಿಸಬಾರದು.

ಮೇಣ ಬೆರೆತ ನೀರನ್ನು ಸಿಂಕಿಗೆ ಚೆಲ್ಲಲೇಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಕೊಳವೆಯೊಳಗೆ ಹೋಗಿ ತಣ್ಣಗಾದರೆ ಅದು ಕಲ್ಲಾಗಿ ಕೂರುತ್ತದೆ, ಕೊನೆಗೆ ಪ್ಲಂಬರನನ್ನು ಕರೆಯಬೇಕಾಗುತ್ತದೆ. ನೀರನ್ನು ತಣಿಯಲು ಬಿಡಿ. ಮೇಣ ನೀರಿಗಿಂತ ಹಗುರ, ಮೇಲೆ ತೇಲಿ ಕೆನೆ ಕಟ್ಟುತ್ತದೆ. ಅದನ್ನು ಎತ್ತಿಕೊಂಡು ಗೆರಟೆಗೆ ಸೇರಿಸಿ.

ಆ ಮೇಣಕ್ಕೆ ಮಳೆಗಾಲದ ಮನೆಯಲ್ಲಿ ಬೇಕಾದಷ್ಟು ಕೆಲಸವಿದೆ. ತೇವಕ್ಕೆ ಉಬ್ಬಿ ಸಿಕ್ಕಿಕೊಳ್ಳುವ ಕಿಟಕಿ ಬಾಗಿಲು, ಮೇಜಿನ ಸೆಳೆಪೆಟ್ಟಿಗೆಗಳ ಅಂಚಿಗೆ ತಿಕ್ಕಿದರೆ ಸಲೀಸಾಗಿ ಜಾರುತ್ತವೆ. ತೆಂಗಿನ ಸಿಪ್ಪೆಯ ನಾರನ್ನು ಉಂಡೆ ಮಾಡಿ ಕರಗಿದ ಮೇಣದಲ್ಲಿ ಅದ್ದಿ ಒಣಗಿಸಿಟ್ಟರೆ, ಬಚ್ಚಲು ಒಲೆಯಲ್ಲಿ ಒದ್ದೆ ಸೌದೆ ಹೊತ್ತಿಸುವಾಗ ಸೀಮೆಎಣ್ಣೆಯ ನೆನಪೇ ಬಾರದು. ಮೇಣವನ್ನು ಕರಗಿಸುವಾಗ ಮಾತ್ರ ಸದಾ ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕರಗಿಸಿ, ನೇರ ಉರಿಗೆ ಬೇಡ, ಬಿಟ್ಟು ಹೋಗುವುದೂ ಬೇಡ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ಆವಿಯಾಗಿ ಸಿಡಿದು ಉರಿಯುವ ಮೇಣವನ್ನು ಮುಖಕ್ಕೇ ಹಾರಿಸುತ್ತದೆ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ.

ತೊಳೆದ ಜಾಡಿಯನ್ನು ಊಟದ ವಸ್ತುಗಳಿಗೆ ಬಳಸಬೇಡಿ. ಬಣ್ಣ, ಸುಗಂಧ ಹಾಕಿದ ಮೇಣವಿದ್ದ ಪಾತ್ರೆ ಅದು, ಆ ಗಾಜು ಬಿಸಿ ಕಾಫಿಗೆಂದು ಮಾಡಿದ್ದೂ ಅಲ್ಲ. ಕರ್ಪೂರ, ಹೂಬತ್ತಿ, ಗುಂಡಿ ಸೂಜಿಗಳಿಗೆ ಚೆನ್ನಾಗಿ ಹೊಂದುತ್ತದೆ. ನನ್ನ ಮಟ್ಟಿಗೆ ಅತ್ಯುತ್ತಮ ಉಪಯೋಗ ತರಕಾರಿ ಬೀಜ ಇಡುವುದು. ಅಲಸಂಡೆ, ಹೀರೆ, ಸೌತೆಯ ಬೀಜಗಳನ್ನು ಚೆನ್ನಾಗಿ ಒಣಗಿಸಿ, ಒಣ ಬೂದಿಯಲ್ಲಿ ಹೊರಳಿಸಿ ತುಂಬಿಸಿ. ಮುಚ್ಚಳದ ಒಳಗಿನ ರಬ್ಬರು ಉಂಗುರವನ್ನು ಬಿಡಿಸಿ ಪ್ರತ್ಯೇಕವಾಗಿ ತೊಳೆದು, ಜಾಡಿಯನ್ನೂ ಉಂಗುರವನ್ನೂ ಒಂದು ದಿನ ಬಿಸಿಲಿಗಿಟ್ಟು, ನೀರಿನ ಪಸೆ ಒಂದಿಷ್ಟೂ ಇಲ್ಲವೆಂದು ನೋಡಿಕೊಂಡೇ ಬೀಜ ಹಾಕಿ ಮುಚ್ಚಿ.