ಸ್ನಾಯು, ರಜ್ಜು, ನರ: ಸಂಯೋಜಕ ಅಂಗಾಂಶದ ಪದಗಳನ್ನು ಗೊಂದಲವಿಲ್ಲದೆ ಬಳಸುವ ಬಗೆ

ಬೆಂಗಳೂರಿನ ಆಸ್ಪತ್ರೆಯೊಂದರ ಮೂಳೆ ವಿಭಾಗಕ್ಕೆ ಕನ್ನಡದಲ್ಲಿ ಕರಪತ್ರ ಬರೆಯಲು ಕುಳಿತವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಪದ ‘ಸ್ನಾಯು’. ಸುಶ್ರುತ ಸಂಹಿತೆ 900 ಸ್ನಾಯುಗಳನ್ನೂ 500 ಪೇಶಿಗಳನ್ನೂ 16 ಕಂಡರಗಳನ್ನೂ (ದಪ್ಪ ರಜ್ಜುಗಳನ್ನೂ) ಬೇರೆ ಬೇರೆಯಾಗಿ ಎಣಿಸುತ್ತದೆ. ಅಲ್ಲಿ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು, ಸ್ನಾಯುವೆಂದರೆ ದೋಣಿಯ ಹಲಗೆಗಳನ್ನು ಬಿಗಿಯುವ ಹಗ್ಗದಂತೆ ದೇಹದ ಸಂಧಿಗಳನ್ನು ಹಿಡಿದಿಡುವ ಕಟ್ಟು. ಕನ್ನಡದಲ್ಲಿ ಅದೇ ಪದ ಮಾಂಸಖಂಡವಾಯಿತು, ಹಿಂದಿಯ ಪಾರಿಭಾಷಿಕ ಬಳಕೆಯಲ್ಲಿ ಲಿಗಮೆಂಟ್ ಆಯಿತು, ಬಂಗಾಳಿಯಲ್ಲಿ ನರವಾಯಿತು. ಆದ್ದರಿಂದ ಹಿಂದಿಯ ಕರಪತ್ರವನ್ನು ಮುಂದಿಟ್ಟುಕೊಂಡು ಅನುವಾದಿಸುವಾಗ ‘ಸ್ನಾಯು’ ಕಂಡಲ್ಲೆಲ್ಲ ‘ಸ್ನಾಯು’ ಎಂದೇ ಇಳಿಸಿದರೆ ಅರ್ಥ ಕೆಡುತ್ತದೆ.

ಮೂಲಾರ್ಥಕ್ಕೆ ಮರಳಬೇಕೆಂಬ ಹಟ ನನಗಿಲ್ಲ. ಶಾಲೆಯಲ್ಲಿ ಕಲಿತ ಅರ್ಥವನ್ನೇ ಓದುಗರು ನಂಬಿರುವುದರಿಂದ ಮಾಂಸಖಂಡಕ್ಕೆ ಸ್ನಾಯು, ಅದನ್ನು ಮೂಳೆಗೆ ಬೆಸೆಯುವ ಟೆಂಡನ್‌ಗೆ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಕಟ್ಟುವ ಲಿಗಮೆಂಟಿಗೆ ಅಸ್ಥಿರಜ್ಜು ಎಂದು ಗೊತ್ತುಮಾಡಿಕೊಂಡು, ಕರಪತ್ರದ ಕೊನೆಯವರೆಗೂ ಅದನ್ನೇ ಪಾಲಿಸಿ. ಸ್ನಾಯುವು ದೇಹದ ಭಾಗಗಳನ್ನು ಜೋಡಿಸಿ ಆಧರಿಸುವ ಸಂಯೋಜಕ ಅಂಗಾಂಶವಲ್ಲ, ಅದರ ರಜ್ಜು ಸಂಯೋಜಕ ಅಂಗಾಂಶ ಎಂಬುದೂ ನೆನಪಿರಲಿ. ಕಾರ್ಟಿಲೇಜಿಗಿರುವ ಮೃದ್ವಸ್ಥಿ ಎಂಬ ಹೆಸರು ಎಲುಬಿನದೇ ಒಂದು ಬಗೆಯೆಂಬ ಭ್ರಮೆ ಹುಟ್ಟಿಸುತ್ತದೆಯಾದರೂ ಅದು ರೂಢಿಗೆ ಬಂದಾಗಿದೆ.

ಅನುಮಾನ ಬಂದಾಗ ಆ ರಚನೆಯ ಎರಡು ತುದಿಗಳನ್ನು ನೋಡಿ. ಈ ಪರೀಕ್ಷೆ ತೊಡಕಾಗುವುದು ಮಂಡಿಯಲ್ಲಿ: ಮಂಡಿಚಿಪ್ಪಿನಿಂದ ಮಂಡಿಯ ಕೆಳಗಿನ ಕಾಲಿನ ಮೂಳೆಗೆ ಇಳಿಯುವ ಪಟ್ಟಿಯ ಎರಡು ತುದಿಗಳಲ್ಲೂ ಮೂಳೆಯಿರುವುದರಿಂದ ಅದರ ಲ್ಯಾಟಿನ್ ಹೆಸರು ‘ಲಿಗಮೆಂಟಮ್ ಪಟೆಲ್ಲೆ’, ಆದರೆ ಅದು ತೊಡೆಯ ಮುಂಭಾಗದ ಸ್ನಾಯುವಿನ ರಜ್ಜುವಿನದೇ ಮುಂದುವರಿಕೆಯಾದ್ದರಿಂದ ಅನೇಕ ವೈದ್ಯರು ಅದನ್ನು ಟೆಂಡನ್ ಎನ್ನುತ್ತಾರೆ. ಯಾವುದನ್ನಾದರೂ ಆರಿಸಿ, ಆದರೆ ಎರಡನ್ನೂ ಬೆರೆಸಬೇಡಿ. ಒಂದು ರಚನೆಗೆ ಒಂದೇ ಹೆಸರೆಂಬ ಶಿಸ್ತಿಗಾಗಿಯೇ ಅಂಗರಚನಾಶಾಸ್ತ್ರಜ್ಞರು 1895ರಲ್ಲಿ ದೇಹದ ರಚನೆಗಳ ಲ್ಯಾಟಿನ್ ಹೆಸರುಗಳ ಬಾಸೆಲ್ ಪಟ್ಟಿಯನ್ನು ಒಪ್ಪಿಕೊಂಡರು. ಇಂಥ ಪಟ್ಟಿಗಳ ಪರಂಪರೆಯಲ್ಲೇ 1998ರಲ್ಲಿ ‘ಟರ್ಮಿನೋಲೋಜಿಯಾ ಅನಾಟೋಮಿಕಾ’ ಹೊರಬಂತು.

‘ನರ’ ಇನ್ನೂ ಜಾರುವ ಪದ. ನಮ್ಮಲ್ಲಿ ಕತ್ತು ಉಳುಕಿದರೂ ನರ ಹಿಡಿದಿದೆ, ಕಾಲಿನ ರಕ್ತನಾಳ ಉಬ್ಬಿದರೂ ನರ ಉಬ್ಬಿದೆ ಎನ್ನುತ್ತಾರೆ. ಇದನ್ನು ಆಡುಮಾತಿನ ಅಜ್ಞಾನವೆಂದು ನಗುವುದು ಬೇಡ. ಗ್ರೀಕರ ‘ನ್ಯೂರಾನ್’ ಕೂಡ ಮೊದಲು ರಜ್ಜುವನ್ನು ಸೂಚಿಸಿ ಆಮೇಲೆ ನರಕ್ಕೆ ಅಂಟಿಕೊಂಡ ಪದ. ಹಳೆಯ ಅರ್ಥ ‘ಅಪೊನ್ಯೂರೋಸಿಸ್’ನಲ್ಲಿ ಇಂದಿಗೂ ಉಳಿದಿದೆ: ಅದು ಹಾಳೆಯಂತೆ ಹರಡಿದ ಸ್ನಾಯುರಜ್ಜುವೇ ಹೊರತು ನರವಲ್ಲ.

ಸ್ನಾಯುಗಳನ್ನು ಸುತ್ತುವ ಸಂಯೋಜಕ ಅಂಗಾಂಶದ ಹಾಳೆಗೆ ಇರುವ, ಲ್ಯಾಟಿನ್ನಿನಲ್ಲಿ ಪಟ್ಟಿ ಎಂಬರ್ಥದ ‘ಫ್ಯಾಸಿಯಾ’ ಎಂಬ ಹೆಸರನ್ನು ಮಾತ್ರ ನಾನು ಹಾಗೆಯೇ ಉಳಿಸಿಕೊಳ್ಳುತ್ತೇನೆ, ಏಕೆಂದರೆ ‘ಪೊರೆ’ ಎಂದರೆ ಓದುಗರ ಮನಸ್ಸು ಕಣ್ಣಿನ ಪೊರೆಯತ್ತ ಹೋಗುತ್ತದೆ. ಲಿಗಮೆಂಟ್ ಎಂಬುದು ವೈದ್ಯರ ಬಾಯಲ್ಲೂ ರೋಗಿಗಳ ಬಾಯಲ್ಲೂ ಇರುವ ಮಾತಾದ್ದರಿಂದ ಮೊದಲ ಸಲ ‘ಲಿಗಮೆಂಟ್, ಅಂದರೆ ಅಸ್ಥಿರಜ್ಜು’ ಎಂದು ಬರೆದು, ಮುಂದೆ ಕನ್ನಡ ಪದವನ್ನಷ್ಟೇ ಬಳಸಿ. ಅಚ್ಚಿಗೆ ಕಳಿಸುವ ಮುನ್ನ ಕಡತದಲ್ಲಿ ‘ನರ’, ‘ಸ್ನಾಯು’ ಎಂಬೆರಡು ಪದಗಳನ್ನು ಹುಡುಕಿ, ಸಿಕ್ಕ ಪ್ರತಿಯೊಂದು ಕಡೆಯಲ್ಲೂ ಯಾವ ರಚನೆಯನ್ನು ಹೇಳುತ್ತಿದ್ದೀರೆಂದು ಚಿತ್ರದೊಡನೆ ತಾಳೆ ನೋಡಿ.