ಚರಗಿಯ ನೀರು ಕುಡಿಯುವ ಮುನ್ನ: ತಾಮ್ರ, ಹಿತ್ತಾಳೆ, ಕಂಚು ಬಳಸುವುದು ಹೇಗೆ?

ಅಟ್ಟದ ಮೇಲಿದ್ದ ತಾಮ್ರದ ಚರಗಿಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ. ಹುಬ್ಬಳ್ಳಿಯ ಪಾತ್ರೆ ಅಂಗಡಿಗಳಲ್ಲಿ ಹೊಸ ತಂಬಿಗೆ, ಲೋಟ, ಬಾಟಲಿ ಎಲ್ಲವೂ ತಾಮ್ರದ್ದೇ. ಮನೆಗೆ ತಂದ ಮೇಲೆ ಶುರುವಾಗುತ್ತದೆ ಅನುಮಾನ. ಇದರಲ್ಲಿ ದಿನಾ ನೀರು ಕುಡಿದರೆ ಒಳ್ಳೆಯದಾ, ಕೆಟ್ಟದ್ದಾ?

ಬರೀ ನೀರು, ಅದೂ ಒಂದು ರಾತ್ರಿಯ ಮಟ್ಟಿಗಾದರೆ ಆರೋಗ್ಯವಂತರಿಗೆ ತೊಂದರೆಯಿಲ್ಲ. ಕಷ್ಟ ಶುರುವಾಗುವುದು ಅದೇ ಪಾತ್ರೆಗೆ ಹುಳಿ ಪದಾರ್ಥ ಸುರಿದಾಗ.

ಮೊದಲು ಲೋಹ ಯಾವುದೆಂದು ನೋಡಿ

ಒಂದು ಅಯಸ್ಕಾಂತ ಹಿಡಿಯಿರಿ. ತಾಮ್ರ, ಹಿತ್ತಾಳೆ, ಕಂಚು ಮೂರಕ್ಕೂ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ, ಮೇಲೆ ಬರೀ ಲೇಪನ. ತಾಮ್ರ ಕೆಂಪು. ಹಿತ್ತಾಳೆ ಹಳದಿ, ಅದು ತಾಮ್ರಕ್ಕೆ ಸತು ಸೇರಿಸಿದ್ದು. ತಾಮ್ರಕ್ಕೆ ತವರ ಸೇರಿದರೆ ಕಂಚು.

ಹಿತ್ತಾಳೆಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಲೇತಿನಲ್ಲಿ ಸುಲಭವಾಗಿ ಕಡೆಯಲಿ ಅಂತ ಕೆಲವು ಹಿತ್ತಾಳೆಗೆ ಸೀಸ ಬೆರೆಸುತ್ತಾರೆ. ಸೀಸ ಎಷ್ಟು ಕಡಿಮೆಯಿದ್ದರೂ ಮಕ್ಕಳ ಮಿದುಳಿಗೆ ಕೆಟ್ಟದ್ದೇ. ಶೋಕೇಸಿಗೆಂದು ಮಾಡಿದ ಹೂದಾನಿ, ಅಲಂಕಾರದ ಮಗ್ಗುಗಳಲ್ಲಿ ನೀರು ಕುಡಿಯಬೇಡಿ. ಅವು ಕುಡಿಯಲಿಕ್ಕೆ ಮಾಡಿದವಲ್ಲ. ಇಂಗ್ಲೆಂಡಿನಲ್ಲಿ ಬಿಯರ್ ಕುಡಿಯುತ್ತಿದ್ದ ಹಳೆಯ ಪ್ಯೂಟರ್ ಮಗ್ಗುಗಳದ್ದೂ ಇದೇ ಕಥೆ. ಅವು ತವರದವೇ ಆದರೂ ಎಷ್ಟೋ ಮಗ್ಗುಗಳಲ್ಲಿ ಸೀಸ ಇರುತ್ತಿತ್ತು.

ಏನು ಹಾಕಬಾರದು

ಮಜ್ಜಿಗೆ, ಮೊಸರು, ನಿಂಬೆ ಶರಬತ್ತು, ಕೋಕಂ, ಹುಳಿ ಬಂದ ಅಂಬಲಿ. ಇವು ಯಾವುವೂ ಕಲಾಯಿಯಿಲ್ಲದ, ಅಂದರೆ ಒಳಗೆ ತವರದ ಲೇಪನವಿಲ್ಲದ ತಾಮ್ರ-ಹಿತ್ತಾಳೆಗೆ ಬೇಡ. ಹುಳಿ ತಾಮ್ರವನ್ನು ಬೇಗ ಕರಗಿಸುತ್ತದೆ. ಬಿಸಿಯಾಗಿದ್ದರೆ ಇನ್ನೂ ಬೇಗ. ಹಾಗೆ ಕರಗಿದ ತಾಮ್ರ ಜಾಸ್ತಿ ಹೊಟ್ಟೆಗೆ ಹೋದರೆ ಬಾಯಲ್ಲಿ ಲೋಹದ ರುಚಿ, ವಾಕರಿಕೆ, ವಾಂತಿ, ಹೊಟ್ಟೆನೋವು, ಭೇದಿ. ಅದೂ ಕುಡಿದ ಸ್ವಲ್ಪ ಹೊತ್ತಿನಲ್ಲೇ. 'ಮಜ್ಜಿಗೆ ಕಿಲುಬಿತು' ಅಂತ ನಮ್ಮ ಅಜ್ಜಿಯರು ಚೆಲ್ಲಿಬಿಡುತ್ತಿದ್ದುದು ಸುಮ್ನೆ ಅಲ್ಲ.

ನನಗೆ ಪ್ರತಿ ವರ್ಷ ಚಿಂತೆಯಾಗುವುದು ರಾಮನವಮಿಯ ಪಾನಕದ್ದು. ಬೆಲ್ಲದ ನೀರಿಗೆ ನಿಂಬೆ ಹಿಂಡಿ ದೊಡ್ಡ ಹಿತ್ತಾಳೆ ಕೊಳಗದಲ್ಲಿ ಬೆಳಗ್ಗೆಯೇ ಕಲಸಿಟ್ಟರೆ, ಮಧ್ಯಾಹ್ನ ಹಂಚುವವರೆಗೂ ಹುಳಿ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಪಾನಕ ಸ್ಟೀಲಿನಲ್ಲಿ ಕಲಸಿ. ದೇವರ ಮುಂದೆ ಒಂದು ಹಿತ್ತಾಳೆ ಗಿಂಡಿ ಇಟ್ಟರೆ ಸಾಕಲ್ವಾ? ಉದ್ಧರಣೆಯಲ್ಲಿ ಕೊಡುವ ತೀರ್ಥಕ್ಕೆ ಹೆದರಬೇಕಿಲ್ಲ, ಅದು ಒಂದು ಚಮಚ. ಆದರೆ ಪಂಚಾಮೃತದಲ್ಲಿ ಮೊಸರಿರುತ್ತದೆ. ಅದನ್ನು ತಾಮ್ರದ ಬಟ್ಟಲಲ್ಲಿ ಸಂಜೆವರೆಗೆ ಬಿಡಬೇಡಿ.

ಹಾಲಿನ ಕಥೆ ಇನ್ನೂ ಗಂಭೀರ. ಕೆಲವು ದಶಕಗಳ ಹಿಂದೆ ನಮ್ಮ ದೇಶದ ಎಳೆ ಮಕ್ಕಳಲ್ಲಿ ಯಕೃತ್ತು ಗಟ್ಟಿಯಾಗುವ ಒಂದು ಮಾರಕ ಕಾಯಿಲೆ ಕಾಣುತ್ತಿತ್ತು. ಆ ಮಕ್ಕಳ ಯಕೃತ್ತಿನಲ್ಲಿ ತಾಮ್ರ ವಿಪರೀತ ಸೇರಿರುತ್ತಿತ್ತು. ಕಲಾಯಿಯಿಲ್ಲದ ತಾಮ್ರ-ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲನ್ನು ಒಂದು ಮುಖ್ಯ ಕಾರಣವೆಂದು ವೈದ್ಯರು ಗುರುತಿಸಿದರು. ಪಾತ್ರೆ ಬದಲಾದಂತೆ ಕಾಯಿಲೆಯೂ ಅಪರೂಪವಾಯಿತು. ಹಾಗಾಗಿ ಕೂಸಿನ ಹಾಲು ಸ್ಟೀಲಿನಲ್ಲೇ ಇರಲಿ.

ನೀರು ಎಷ್ಟು ಹೊತ್ತು ಇಡಬೇಕು

ರಾತ್ರಿ ತುಂಬಿ, ಬೆಳಗ್ಗೆ ಕುಡಿದು ಖಾಲಿ ಮಾಡಿ. ಇಷ್ಟೇ ಲೆಕ್ಕ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ತಾಸು ಇಟ್ಟ ನೀರಿನಲ್ಲಿ ಕಾಲರಾ, ಆಮಶಂಕೆ ತರುವ ಬ್ಯಾಕ್ಟೀರಿಯಾಗಳು ಸತ್ತಿದ್ದವು. ನೀರಿಗೆ ಇಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಎಷ್ಟೋ ಕೆಳಗಿತ್ತು. ಆ ಮಿತಿ ಲೀಟರಿಗೆ 2 ಮಿಲಿಗ್ರಾಂ.

ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ನೀರು ಬಿಡುವುದು ಎಷ್ಟೋ ದಿನಕ್ಕೊಮ್ಮೆ. ಮಲಪ್ರಭೆಯ ನೀರು ನಲ್ಲಿಗೆ ಬಂದ ದಿನ ಮನೆಯಲ್ಲಿರುವ ಕೊಡ, ಹಂಡೆ ಎಲ್ಲವನ್ನೂ ತುಂಬಿಸಿಡುತ್ತೇವೆ. ಕುಡಿಯುವ ನೀರಿನ ಈ ಸಂಗ್ರಹಕ್ಕೆ ತಾಮ್ರದ ಕೊಡ ಬೇಡ. ಸ್ಟೀಲ್ ಡ್ರಮ್ಮಿನಲ್ಲಿ ತುಂಬಿಡಿ, ಅದರಿಂದ ದಿನಾ ರಾತ್ರಿ ಚರಗಿಗೆ ಬಗ್ಗಿಸಿಕೊಳ್ಳಿ. ತಾಮ್ರದ ಹಂಡೆ ಸ್ನಾನಕ್ಕೆ ಇರಲಿ.

ತೊಳೆಯುವುದು

ಒಳಗೆ ಕಪ್ಪಾದರೆ ಗಾಬರಿ ಬೇಡ, ಅದು ಗಾಳಿಗೆ ಆಗುವುದು. ಹಸಿರು ಕಂಡರೆ ಮಾತ್ರ ಕುಡಿಯಬೇಡಿ. ಅದೇ ಕಿಲುಬು. ಹುಣಸೆಹಣ್ಣು ಇಲ್ಲವೇ ನಿಂಬೆಹೋಳಿಗೆ ಉಪ್ಪು ಹಚ್ಚಿ ತಿಕ್ಕಿ. ಹುಳಿಯ ಅಂಶ ಒಂದಿಷ್ಟೂ ಉಳಿಯದಂತೆ ಎರಡು ಮೂರು ಸಲ ತೊಳೆದು, ಒರೆಸಿ ಒಣಗಿಸಿ. ಬಾಟಲಿ ಕೊಳ್ಳುವಾಗ ಕೈ ಒಳಗೆ ಹೋಗುವಷ್ಟು ಬಾಯಿ ಅಗಲವಿರುವುದನ್ನೇ ಆರಿಸಿ. ಸಣ್ಣ ಬಾಯಿಯ ಬಾಟಲಿಯ ತಳದಲ್ಲಿ ಏನಾಗಿದೆಯೆಂದು ಯಾರಿಗೆ ಕಾಣುತ್ತದೆ?

ಕಲಾಯಿ ಹಾಕಿಸುವಾಗ

ಹುಳಿ ಪದಾರ್ಥಕ್ಕೂ ಅದೇ ಪಾತ್ರೆ ಬೇಕೆಂದರೆ ಕಲಾಯಿಯೇ ದಾರಿ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒಳಗೆಲ್ಲ ಸವರುತ್ತಾರೆ. ಬಿಳಿ ಹೊಗೆ ಏಳುತ್ತದೆ, ಮಕ್ಕಳನ್ನು ದೂರ ನಿಲ್ಲಿಸಿ. ಕೇಳಬೇಕಾದ ಪ್ರಶ್ನೆ ಒಂದೇ: 'ಅಣ್ಣಾರ, ಇದು ಬರೇ ತವರ ಏನು, ಸೀಸ ಕೂಡೈತೇನು?' ಬೆಸುಗೆಗೆ ಬಳಸುವ ಸೀಸ ಬೆರೆತ ಕಡ್ಡಿ ಪಾತ್ರೆಯ ಒಳಗೆ ಬೀಳಬಾರದು. ಇದರಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಬೇಡಿ. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಆದ್ದರಿಂದ ಕಲಾಯಿ ಪಾತ್ರೆಯನ್ನು ಖಾಲಿಯಾಗಿ ಒಲೆಯ ಮೇಲಿಡಬಾರದು. ಒಳಗೆ ಕೆಂಪು ಕಾಣತೊಡಗಿದರೆ ಮತ್ತೆ ಹಾಕಿಸಿ.

ಯಾರಿಗೆ ಬೇಡ, ಯಾವುದಕ್ಕೆ ಆಗದು

ವಿಲ್ಸನ್ ಕಾಯಿಲೆ ಇದ್ದವರ ಮೈಯಲ್ಲಿ ತಾಮ್ರ ಹೊರಹೋಗದೆ ಉಳಿಯುತ್ತದೆ. ಅವರು ತಾಮ್ರದ ಚರಗಿ ಮುಟ್ಟದಿರುವುದೇ ಲೇಸು. ಯಕೃತ್ತಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿ.

ಇನ್ನು ಗದಗ ಜಿಲ್ಲೆಯವರಿಗೆ, ಅದರಲ್ಲೂ ಮುಂಡರಗಿ ಕಡೆಯವರಿಗೆ ಒಂದು ಮಾತು. ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಿದ್ದರೆ ತಾಮ್ರದಲ್ಲಿಟ್ಟರೂ ಅದು ಹೋಗುವುದಿಲ್ಲ. ಚರಗಿ ಫಿಲ್ಟರ್ ಅಲ್ಲ. ಹಲ್ಲು, ಮೂಳೆಗೆ ಆಗುವ ಹಾನಿ ಆಗಿಯೇ ಆಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿ ತನ್ನಿ, ಬೇಕಾದರೆ ಅದನ್ನೇ ಚರಗಿಗೆ ಹಾಕಿಕೊಳ್ಳಿ. ಆದರೆ ಲವಣ ತೆಗೆದ ಆ ನೀರು ಎಷ್ಟೋ ಸಲ ತುಸು ಆಮ್ಲೀಯವಾಗಿದ್ದು ತಾಮ್ರವನ್ನು ಹೆಚ್ಚು ಎಳೆಯುತ್ತದೆ. ಅದನ್ನು ಮಾತ್ರ ಒಂದು ರಾತ್ರಿಗಿಂತ ಹೆಚ್ಚು ಇಡಲೇಬೇಡಿ.